ಅಡಾಪ್ಟರ್ ಮೇಲೆ ಬರೆದಿರುವುದು ಯಾರಿಗಾದರೂ ಕಾಣಿಸುತ್ತಾ?

ಬೇಸಿಗೆ_ಮಾವು
ಎಲ್ಲರಿಗೂ ನಮಸ್ಕಾರ. ಮನೆಗೆ ಬಣ್ಣ ಹೊಡೆಸುವಾಗ ಪೇಂಟರ್ ಹುಡುಗರು ರೂಟರ್, ಸೆಟ್‌ಟಾಪ್ ಬಾಕ್ಸ್, ಮಗನ ಕೀಬೋರ್ಡ್, ಹಳೇ ಸ್ಪೀಕರ್ ಎಲ್ಲದರ ಅಡಾಪ್ಟರ್ ಕಿತ್ತು ಒಂದೇ ಚೀಲಕ್ಕೆ ತುಂಬಿಟ್ಟಿದ್ದಾರೆ. ಈಗ ಯಾವುದು ಯಾವುದರದ್ದು ಅಂತ ದೇವರಿಗೇ ಗೊತ್ತು. ಎಲ್ಲವೂ ಕಪ್ಪು, ಎಲ್ಲದರ ಪಿನ್ನೂ ಒಂದೇ ತರ. ಮೇಲೆ ಏನೇನೋ ಬರೆದಿದೆ, ಆದರೆ ಕಪ್ಪು ಪ್ಲಾಸ್ಟಿಕ್ ಮೇಲೆ ಬೂದು ಬಣ್ಣದಲ್ಲಿ, ಸಾಸಿವೆ ಕಾಳಿಗಿಂತ ಚಿಕ್ಕ ಅಕ್ಷರದಲ್ಲಿ. ಒಂದರಲ್ಲಂತೂ ಬಣ್ಣವೇ ಇಲ್ಲ, ಪ್ಲಾಸ್ಟಿಕ್ಕಿನಲ್ಲೇ ಅಕ್ಷರ ಉಬ್ಬಿದೆ ಅಷ್ಟೇ.

ಎರಡು ಪ್ರಶ್ನೆ. ಇದನ್ನು ಓದಲು ನೀವೆಲ್ಲ ಏನು ಮಾಡುತ್ತೀರಿ? ಮತ್ತೆ, ಓದಲು ಬಾರದ ಹಾಗೆ ಬರೆಯುವುದಾದರೆ ಕಂಪನಿಯವರು ಯಾಕಾದರೂ ಬರೆಯುತ್ತಾರೆ?

ಪುಳಿಯೋಗರೆ_ಪ್ರಿಯ
ಚಾಳೀಸು ಬಂದಿದೆ ಸ್ವಾಮಿ. ಕನ್ನಡಕ ಮಾಡಿಸಿ.

ಬೇಸಿಗೆ_ಮಾವು
ಕನ್ನಡಕ ಹಾಕಿಕೊಂಡೇ ನೋಡಿದ್ದು ಸಾರ್. ಹತ್ತನೇ ಕ್ಲಾಸ್ ಓದುವ ಮಗನಿಗೂ ಕಾಣಿಸಲಿಲ್ಲ. ಅವನಿಗೂ ಚಾಳೀಸಾ?

ಟೆರೇಸ್_ತೋಟ
ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಮೇಲಿನಿಂದ ಫ್ಲ್ಯಾಶ್ ಹಾಕಬೇಡಿ, ಬೆಳಕು ತಿರುಗಿ ಹೊಡೆದು ಏನೂ ಕಾಣಲ್ಲ. ಇನ್ನೊಬ್ಬರ ಕೈಗೆ ಟಾರ್ಚ್ ಕೊಟ್ಟು ಪಕ್ಕದಿಂದ ಓರೆಯಾಗಿ ಬಿಡಿಸಿ. ಉಬ್ಬು ಅಕ್ಷರಕ್ಕೆ ನೆರಳು ಬಿದ್ದು ಚೆನ್ನಾಗಿ ಎದ್ದು ಕಾಣುತ್ತದೆ.

ರಿಪೇರಿ_ರಂಗ
ಹುಬ್ಬಳ್ಳಿಯಲ್ಲಿ ರಿಪೇರಿ ಅಂಗಡಿ ನನ್ನದು. ದಯವಿಟ್ಟು ಅಂದಾಜಿನ ಮೇಲೆ ಚುಚ್ಚಬೇಡಿ. ಪಿನ್ ಕೂತಿತು ಅಂದ ಮಾತ್ರಕ್ಕೆ ಅದು ಅದರದ್ದೇ ಅಂತಲ್ಲ. 5 ವೋಲ್ಟ್, 9 ವೋಲ್ಟ್, 12 ವೋಲ್ಟ್ ಎಲ್ಲಕ್ಕೂ ಅದೇ ಸೈಜಿನ ಪಿನ್ ಬರುತ್ತದೆ. 5 ವೋಲ್ಟ್ ಡಬ್ಬಕ್ಕೆ 12 ಕೊಟ್ಟರೆ ಆಮೇಲೆ ನನ್ನ ಹತ್ತಿರ ಬರಬೇಕಾಗುತ್ತದೆ, ಬಂದರೂ ಎಷ್ಟೋ ಸಲ ಉಪಯೋಗವಿಲ್ಲ.

ನೋಡುವ ಕ್ರಮ ಹೇಳುತ್ತೇನೆ. ಇನ್‌ಪುಟ್ ಸಾಲು ಬಿಟ್ಟುಬಿಡಿ, ಅಲ್ಲಿ ಸಾಮಾನ್ಯವಾಗಿ 100-240 ಅಂತಲೇ ಇರುತ್ತದೆ. ಔಟ್‌ಪುಟ್ ಸಾಲು ಮುಖ್ಯ. ವೋಲ್ಟ್ ಸರಿಯಾಗಿ ಅಷ್ಟೇ ಇರಬೇಕು. ಆಂಪ್ ಮಾತ್ರ ಡಬ್ಬ ಕೇಳಿದಷ್ಟು ಅಥವಾ ಅದಕ್ಕಿಂತ ಜಾಸ್ತಿ ಇರಬಹುದು. 1 ಆಂಪ್ ಬೇಕಾದ ರೂಟರ್‌ಗೆ 2 ಆಂಪ್ ಅಡಾಪ್ಟರ್ ಹಾಕಿದರೆ ಏನೂ ಆಗಲ್ಲ, ಎಷ್ಟು ಬೇಕೋ ಅಷ್ಟೇ ಎಳೆದುಕೊಳ್ಳುತ್ತದೆ. 2 ಆಂಪ್ ಬೇಕಾದ ಕಡೆ 1 ಆಂಪಿನದು ಹಾಕಿದರೆ ಅಡಾಪ್ಟರ್ ಬಿಸಿಯಾಗುತ್ತದೆ, ರೂಟರ್ ಆಗಾಗ ಆಫ್ ಆಗಿ ಆನ್ ಆಗುತ್ತದೆ. ಜನ ಅದನ್ನು ಇಂಟರ್ನೆಟ್ ಕಂಪನಿ ತಪ್ಪು ಅಂತ ಬೈಯುತ್ತಾರೆ.

ಇನ್ನು ವೋಲ್ಟ್ ಪಕ್ಕದ ಗುರುತು. ಒಂದು ನೇರ ಗೆರೆ, ಅದರ ಕೆಳಗೆ ತುಂಡು ಗೆರೆ ಇದ್ದರೆ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಅಲೆ ತರ ಇದ್ದರೆ ಎಸಿ, ಅಂದರೆ ಗೋಡೆಯ ಸಾಕೆಟ್ಟಿನಲ್ಲಿ ಬರುವ ಹಾಗೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್. ಕೆಲವು ಹಳೇ ಸ್ಪೀಕರ್, ಮೋಡೆಮ್‌ಗೆ ಎಸಿಯನ್ನೇ ಕೊಡುವ ಅಡಾಪ್ಟರ್ ಇರುತ್ತಿತ್ತು, ನಿಮ್ಮ ಸ್ಪೀಕರ್‌ದು ಹಾಗಿದೆಯಾ ನೋಡಿ. ಮೂರನೆಯದು ಪ್ಲಸ್ ಮೈನಸ್. ಮಧ್ಯೆ ಒಂದು ಚುಕ್ಕಿ, ಸುತ್ತ ಅರ್ಧ ಬಳೆ, ಎರಡೂ ಕಡೆ ಚಿಕ್ಕ ವೃತ್ತ ಇರುವ ಚಿತ್ರ ಇರುತ್ತದೆ. ಚುಕ್ಕಿಯಿಂದ ಹೊರಟ ಗೆರೆ ಪ್ಲಸ್ ಕಡೆಗೆ ಹೋಗಿದ್ದರೆ ಪಿನ್ನಿನ ಒಳಗೆ ಪ್ಲಸ್. ರೂಟರ್‌ಗಳೆಲ್ಲ ಹೆಚ್ಚುಕಮ್ಮಿ ಹೀಗೇ. ಆದರೆ ಗಿಟಾರ್ ಪೆಡಲ್, ಕೆಲವು ಹಳೇ ಕೀಬೋರ್ಡ್ ಇದಕ್ಕೆ ವಿರುದ್ಧ. ಮಗನ ಕೀಬೋರ್ಡ್ ಅಂದಿರಲ್ಲ, ಅದಕ್ಕೇ ಹೇಳಿದೆ.

ಮಿಕ್ಸಿ_ಮಾತು
ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ ರಂಗಣ್ಣ. ಆದರೆ ಸರಿಯಾಗಿ ನೋಡಿ ಮಜಾ. ಮನೆ ಸುಟ್ಟುಹೋಗಬಹುದಾದ ವಿಷಯವನ್ನೆಲ್ಲ ಕಣ್ಣಿಗೆ ಕಾಣದ ಹಾಗೆ ಬರೆದು, ಕಂಪನಿ ಹೆಸರು ಮಾತ್ರ ಬೆಳ್ಳಗೆ ದಪ್ಪಗೆ ಬರೆಯುತ್ತಾರೆ.

ಗೋಕಾಕ್_ಕರದಂಟು
ಉಬ್ಬು ಅಕ್ಷರಕ್ಕೆ ನಮ್ಮಪ್ಪನ ಉಪಾಯ: ವಿಭೂತಿ. ಬೆರಳಲ್ಲಿ ಚೂರು ತಗೊಂಡು ಅಕ್ಷರದ ಮೇಲೆ ತಿಕ್ಕಿ, ಒಣ ಬಟ್ಟೆಯಲ್ಲಿ ಹಗುರಾಗಿ ಒರೆಸಿ. ಮೂಲೆಗಳಲ್ಲಿ ಬಿಳಿ ನಿಂತು ಅಕ್ಷರ ಮೂಡುತ್ತದೆ. ಟಿವಿ ಹಿಂದೆ ಎಚ್‌ಡಿಎಂಐ ಒಂದು, ಎರಡು, ಮೂರು ಅಂತ ಕಪ್ಪಿನ ಮೇಲೆ ಕಪ್ಪಾಗಿ ಕೆತ್ತಿರುತ್ತಾರಲ್ಲ, ಅದಕ್ಕೂ ಆಗುತ್ತದೆ.

ಪುಳಿಯೋಗರೆ_ಪ್ರಿಯ
ಮೂರು ಪಟ್ಟೆ ಎಳೆದರೆ ಟಿವಿ ಶಿವಭಕ್ತ ಆಗುತ್ತದೆ. ವೈಷ್ಣವರ ಮನೆಯಲ್ಲಿ ಏನು ಮಾಡುವುದು?

ಗೋಕಾಕ್_ಕರದಂಟು
ಸೀಮೆಸುಣ್ಣ ಇದೆಯಲ್ಲ ಮಾರಾಯರೇ. ಪೌಡರ್ ಆದರೂ ನಡೆಯುತ್ತೆ.

ರಿಪೇರಿ_ರಂಗ
ವಿಭೂತಿ ಅಡಾಪ್ಟರ್‌ಗೆ ಸರಿ, ಆದರೆ ಟಿವಿ ಪೋರ್ಟ್ ಹತ್ತಿರ ಬೇಡ. ಪುಡಿ ಒಳಗೆ ಹೋದರೆ ಕನೆಕ್ಷನ್ ಕೆಡುತ್ತದೆ. ಅಲ್ಲಿ ಟಾರ್ಚೇ ಒಳ್ಳೆಯದು. ಮತ್ತೆ ಲೇಸರ್‌ನಲ್ಲಿ ಬರೆದ ಅಕ್ಷರಕ್ಕೆ ವಿಭೂತಿ ಕೆಲಸ ಮಾಡಲ್ಲ, ಅಲ್ಲಿ ತಗ್ಗು ಉಬ್ಬು ಇರುವುದಿಲ್ಲ.

ಅಜ್ಜಿಮನೆ
ಅಡಾಪ್ಟರ್ ಬಿಡಿ, ದಿನಾ ಮುಟ್ಟುವ ವಸ್ತುವಿನ ಕಥೆ ಕೇಳಿ. ನಮ್ಮ ಅತ್ತೆಗೆ ಇಂಡಕ್ಷನ್ ಒಲೆ ತಂದೆವು. ಕಪ್ಪು ಗಾಜು. ಆಫ್ ಇದ್ದಾಗ ಬಟನ್ ಎಲ್ಲಿದೆ ಅಂತಲೇ ಕಾಣಲ್ಲ. ಆನ್ ಮಾಡಿದರೆ ಅಕ್ಷರ ಬೆಳಗುತ್ತದೆ, ಆದರೆ ಆನ್ ಬಟನ್ ಎಲ್ಲಿದೆ ಅಂತ ಗೊತ್ತಾಗಬೇಕಲ್ಲ ಮೊದಲು! ಅತ್ತೆ ಗಾಜಿನ ಮೇಲೆಲ್ಲ ಬೆರಳು ಓಡಿಸುತ್ತಾರೆ, ಅದು ಕೀಕ್ ಕೀಕ್ ಅನ್ನುತ್ತದೆ, ಇವರು ಬೆದರಿ ದೂರ ಸರಿಯುತ್ತಾರೆ.

ಕೊನೆಗೆ ಅವರೇ ಹಣೆಯ ಸ್ಟಿಕರ್ ಬೊಟ್ಟು ತೆಗೆದು ಅಂಟಿಸಿದರು. ಈಗ ಮನೆ ತುಂಬ ಅದೇ. ಒಲೆಯ ಆನ್‌ಗೆ ಕೆಂಪು, ಹಾಲು ಕಾಯಿಸುವುದಕ್ಕೆ ಹಸಿರು. ವಾಷಿಂಗ್ ಮಷಿನ್ ಗುಬುಟಿನಲ್ಲಿ ಹದಿನೈದು ಬಗೆ ಒಗೆತ ಇದೆಯಂತೆ, ನಾವು ಒಗೆಯುವುದು ಎರಡೇ ಬಗೆ. ಆ ಎರಡು ಕಡೆ ಬೊಟ್ಟು. ಕರೆಂಟ್ ಹೋದಾಗಲೂ ಬೆರಳಿಗೆ ತಾಕುತ್ತದೆ, ಕಣ್ಣೇ ಬೇಡ.

ಸುಮ್ನೆ_ಬಂದೆ
ಬೊಟ್ಟು ಐಡಿಯಾ ಸೂಪರ್. ಆದರೆ ಕೆಂಪು ಹಸಿರು ಅಂತ ಬೇಡ, ಒಂದು ದೊಡ್ಡದು ಒಂದು ಚಿಕ್ಕದು ಅಂಟಿಸಿ. ನನಗೆ ಕೆಂಪು ಹಸಿರು ವ್ಯತ್ಯಾಸ ಗೊತ್ತಾಗಲ್ಲ, ಹುಟ್ಟಿನಿಂದ ಹೀಗೇ. ಒಂದೇ ದೀಪ ಚಾರ್ಜ್ ಆಗುವಾಗ ಕೆಂಪು, ತುಂಬಿದ ಮೇಲೆ ಹಸಿರು ಆಗುತ್ತದಲ್ಲ, ಅದು ನನಗೆ ಯಾವಾಗಲೂ ಒಂದೇ ಬಣ್ಣ. ಟ್ರಿಮ್ಮರ್ ಚಾರ್ಜ್ ಆಯಿತಾ ಅಂತ ಹೆಂಡತಿಯನ್ನು ಕೂಗಿ ಕೇಳಬೇಕು. ಗಂಡಸರಲ್ಲಿ ಇದು ಹೆಂಗಸರಿಗಿಂತ ತುಂಬಾ ಜಾಸ್ತಿ, ಆದರೂ ಗಂಡಸರ ಟ್ರಿಮ್ಮರ್‌ಗೇ ಇಂಥ ದೀಪ ಹಾಕುತ್ತಾರೆ!

ಅಜ್ಜಿಮನೆ
ಅಯ್ಯೋ, ಇದು ಹೊಳೆದೇ ಇರಲಿಲ್ಲ. ಅತ್ತೆಗೆ ಹೇಳುತ್ತೇನೆ.

ಡಿಸೈನ್_ದಾಸ
ಪೀಣ್ಯದಲ್ಲಿ ಮನೆಬಳಕೆ ಸಾಮಾನಿನ ವಿನ್ಯಾಸದ ಕೆಲಸ ಮಾಡಿದವನು ನಾನು, ಬೈಸಿಕೊಳ್ಳಲು ರೆಡಿ ಇದ್ದೇನೆ. ಒಳಗಿನ ಕಥೆ ಇಷ್ಟು. ಪ್ಲಾಸ್ಟಿಕ್ ಅಚ್ಚಿನಲ್ಲೇ ಅಕ್ಷರ ಕೆತ್ತಿಬಿಟ್ಟರೆ ಆಮೇಲೆ ಪ್ರತಿ ಪೀಸಿಗೂ ಬರೆಯುವ ಖರ್ಚು ಸೊನ್ನೆ. ಶಾಯಿ ಹಾಕಿ ಬಿಳಿ ಅಕ್ಷರ ಬರೆಯಬೇಕು ಅಂದರೆ ಅದು ಬೇರೆ ಮಷಿನ್, ಬೇರೆ ಆಳು, ಒಣಗುವ ಸಮಯ. ಲೇಸರ್‌ಗೆ ಶಾಯಿ ಬೇಡ, ಅಳಿಸಿಯೂ ಹೋಗಲ್ಲ, ಆದರೆ ಕಪ್ಪು ಪ್ಲಾಸ್ಟಿಕ್ ಮೇಲೆ ಎಷ್ಟು ಬೆಳ್ಳಗೆ ಬರುತ್ತದೆ ಅನ್ನುವುದು ಪ್ಲಾಸ್ಟಿಕ್ಕಿನ ಮಿಶ್ರಣದ ಮೇಲಿದೆ. ಸಾಮಾನ್ಯವಾಗಿ ಬೂದು ಬಣ್ಣವೇ ಬರುತ್ತದೆ.

ಎರಡನೆಯದು, ಒಂದೇ ಅಡಾಪ್ಟರ್ ಹತ್ತಾರು ದೇಶಕ್ಕೆ ಹೋಗುತ್ತದೆ. ಪ್ರತಿ ದೇಶದ ಮುದ್ರೆಯೂ ಅದರ ಮೇಲೆ ಇರಬೇಕು. ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಅಷ್ಟೆಲ್ಲ ಮುದ್ರೆ ಕೂರಿಸಿದ ಮೇಲೆ ಉಳಿದ ಜಾಗದಲ್ಲಿ ವೋಲ್ಟ್ ಬರೆಯಬೇಕು.

ಮೂರನೆಯದು ನನಗೂ ಬೇಜಾರಿನ ವಿಷಯ. ಮನೆಬಳಕೆ ವಿದ್ಯುತ್ ಸಾಮಾನಿಗೆ ಐಎಸ್ 302 ಅಂತ ಸುರಕ್ಷತಾ ಮಾನದಂಡ ಇದೆ. ಅದರಲ್ಲಿ ಲೇಬಲ್ಲಿಗೂ ಪರೀಕ್ಷೆ ಇದೆ. ನೀರಲ್ಲಿ ಅದ್ದಿದ ಬಟ್ಟೆಯಿಂದ 15 ಸೆಕೆಂಡ್ ಉಜ್ಜಬೇಕು, ಆಮೇಲೆ ಪೆಟ್ರೋಲಿಯಂ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ 15 ಸೆಕೆಂಡ್. ಆಮೇಲೂ ಅಕ್ಷರ ಓದಲು ಬರಬೇಕು, ಲೇಬಲ್ ಸುಲಭವಾಗಿ ಕಿತ್ತು ಬರಬಾರದು. ಆದರೆ ಓದಿ ನೋಡುವವನು ಲ್ಯಾಬಿನಲ್ಲಿ ಟ್ಯೂಬ್‌ಲೈಟ್ ಕೆಳಗೆ ಕೂತ ಇಂಜಿನಿಯರ್. ಟಿವಿ ಸ್ಟ್ಯಾಂಡ್ ಹಿಂದೆ ಮಂಡಿಯೂರಿ ಬಗ್ಗಿರುವ ಮನುಷ್ಯ ಅಲ್ಲ.

ಮಿಕ್ಸಿ_ಮಾತು
ಅಂದರೆ ಬರೆಯುವುದೇ ಇನ್‌ಸ್ಪೆಕ್ಟರಿಗೆ, ನಮಗಲ್ಲ! ಅದನ್ನೇ ನಾನು ಹೇಳಿದ್ದು. ಬರೆಯಲು ಆಗಲ್ಲ ಅಂತ ಒಪ್ಪಲ್ಲ ದಾಸರೇ. ಫ್ರಿಜ್ ಮೇಲಿನ ಸ್ಟಾರ್ ಲೇಬಲ್ ನೋಡಿ. ಅಂಗಡಿ ಬಾಗಿಲಲ್ಲಿ ನಿಂತರೂ ಕಾಣುತ್ತದೆ. 2006ರಲ್ಲಿ ಇಂಧನ ದಕ್ಷತಾ ಬ್ಯೂರೋದವರು ಅದನ್ನು ತಂದಾಗ ಹೀಗೇ ಇರಬೇಕು, ಈ ಬಣ್ಣ, ಈ ನಮೂನೆ ಅಂತ ಕಟ್ಟುನಿಟ್ಟು ಮಾಡಿದರು. ಆಮೇಲೆ ಕಡ್ಡಾಯ ಮಾಡಿದಾಗ ಎಲ್ಲ ಕಂಪನಿಯವರೂ ಬಾಯಿ ಮುಚ್ಚಿಕೊಂಡು ಅಂಟಿಸಿದರು. ಅದೇ ಫ್ರಿಜ್‌ನ ಮಾಡೆಲ್ ನಂಬರ್ ಎಲ್ಲಿದೆ? ತರಕಾರಿ ಟ್ರೇ ಹಿಂದೆ, ಒಳಗೋಡೆಯ ಮೇಲೆ, ಬಿಳಿ ಮೇಲೆ ಬೂದು. ಹೇಳುವವರು ಇದ್ದರೆ ಮಾಡುತ್ತಾರೆ, ಇಲ್ಲದಿದ್ದರೆ ಇಲ್ಲ.

ಡಿಸೈನ್_ದಾಸ
ಒಪ್ಪಿದೆ. ಆದರೆ ಆ ಸ್ಟಾರ್ ಲೇಬಲ್ಲಿನಲ್ಲೂ ಜನ ಸ್ಟಾರ್ ಮಾತ್ರ ನೋಡುತ್ತಾರೆ, ಆ ಸ್ಟಾರ್ ಎಂದಿನಿಂದ ಎಂದಿನವರೆಗೆ ಅಂತ ಅದರಲ್ಲೇ ಸಣ್ಣದಾಗಿ ಬರೆದ ಅವಧಿ ನೋಡಲ್ಲ. ಏರ್ ಕಂಡಿಷನರ್‌ಗೆ 2022ರಲ್ಲಿ ಲೆಕ್ಕ ಬಿಗಿ ಮಾಡಿದಾಗ ಹಿಂದಿನ 5 ಸ್ಟಾರ್ 4 ಸ್ಟಾರ್‌ಗೆ ಇಳಿಯಿತು. ಹಳೇ ಸ್ಟಾಕ್ ಅಗ್ಗಕ್ಕೆ ಸಿಕ್ಕಿತು ಅಂತ ತಂದವರು ಆ ಅವಧಿ ಓದಬೇಕಿತ್ತು.

ಕರಾವಳಿ_ಕಾಕ
ನಮ್ಮ ಉಡುಪಿ ಕಡೆ ಎರಡು ಮಳೆಗಾಲ ಕಳೆದರೆ ಸ್ಟಿಕರ್ ಸುರುಳಿ ಸುತ್ತಿ ಬರುತ್ತದೆ, ಬೂಸ್ಟು ಹಿಡಿಯುತ್ತದೆ. ಓದಲು ಬರುತ್ತಾ ಇಲ್ಲವಾ ಅನ್ನುವ ಪ್ರಶ್ನೆಯೇ ಇಲ್ಲ.

ಗೀಸರ್‌ದು ಇನ್ನೂ ಚಂದ. ಲೇಬಲ್ ಇರುವುದು ಅಡಿಯಲ್ಲೋ ಪಕ್ಕದಲ್ಲೋ. ಗೋಡೆಗೆ ಹೊಡೆದ ಮೇಲೆ ಅದು ಮೂಲೆಗೆ ಮುಖ ಮಾಡಿ ನಿಲ್ಲುತ್ತದೆ. ಎಷ್ಟು ಬಾರ್ ಒತ್ತಡ ತಡೆಯುತ್ತದೆ ಅಂತ ಪ್ಲಂಬರ್ ಕೇಳಿದ. ಎತ್ತರದ ಅಪಾರ್ಟ್‌ಮೆಂಟ್, ಪ್ರೆಷರ್ ಪಂಪ್ ಇರುವ ಮನೆಗೆ 8 ಬಾರ್ ಬೇಕಂತೆ. ಸ್ಟೂಲ್ ಹತ್ತಿ, ಗೋಡೆಗೂ ಗೀಸರ್‌ಗೂ ನಡುವೆ ಮೊಬೈಲ್ ತೂರಿಸಿ ವಿಡಿಯೋ ಮಾಡಿದೆವು. ಅಷ್ಟು ಮಾಡಿದ ಮೇಲೆ ಬಂದದ್ದು ಸೀರಿಯಲ್ ನಂಬರ್.

ಅದನ್ನು ಸರ್ವಿಸ್‌ಗೆ ಫೋನ್ ಮಾಡಿ ಹೇಳಲು ಹೋದರೆ ಬಿ ಅಕ್ಷರವೋ ಎಂಟೋ, ಓ ಅಕ್ಷರವೋ ಸೊನ್ನೆಯೋ, ಎಸ್ಸೋ ಐದೋ ಗೊತ್ತಾಗಲಿಲ್ಲ. ಆ ಕಡೆಯ ಹುಡುಗಿ ಪಾಪ ಎಲ್ಲ ತರಹ ಹಾಕಿ ನೋಡಿದಳು.

ಟೆರೇಸ್_ತೋಟ
ಗೀಸರ್ ವಿಷಯ ಬಂತಲ್ಲ, ಪ್ಲಗ್ ಮೇಲಿನ ಅಕ್ಷರವೂ ನೋಡಿ. 16 ಆಂಪ್ ಅಂತ ಉಬ್ಬು ಅಕ್ಷರದಲ್ಲಿ ಇರುತ್ತದೆ. 2000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪ್ ಎಳೆಯುತ್ತದೆ. ಕನ್ವರ್ಟರ್ ಹಾಕಿ 6 ಆಂಪ್ ಸಾಕೆಟ್‌ಗೆ ಚುಚ್ಚುವವರನ್ನು ನೋಡಿದ್ದೇನೆ, ಸಾಕೆಟ್ ಕಂದು ಬಣ್ಣ ಆಗಿರುತ್ತದೆ.

ನ್ಯೂಜೆರ್ಸಿ_ನಾಗ
ನಮ್ಮ ಭಾವ ಇಲ್ಲಿಂದ ಬೆಂಗಳೂರಿಗೆ ಹೇರ್ ಡ್ರೈಯರ್ ತಗೊಂಡು ಹೋದರು. ಹಿಡಿಯ ಹತ್ತಿರ ಬೆಳ್ಳಿ ಮೇಲೆ ಬೆಳ್ಳಿ ಬಣ್ಣದಲ್ಲಿ 120 ವೋಲ್ಟ್, 60 ಹರ್ಟ್ಜ್ ಅಂತ ಇತ್ತು. ಲ್ಯಾಪ್‌ಟಾಪ್ ಚಾರ್ಜರ್ ಎರಡೂ ಕಡೆ ನಡೆಯುತ್ತದಲ್ಲ, ಇದೂ ನಡೆಯುತ್ತದೆ ಅಂದುಕೊಂಡರು. ಪ್ಲಗ್ ಮಾಡಿದ ತಕ್ಷಣ ಹೊಗೆ, ಅಕ್ಕನ ಬೈಗುಳ, ಎರಡೂ ಒಟ್ಟಿಗೆ.

ರಿಪೇರಿ_ರಂಗ
ಹೊಗೆ ಬರದೆ ಏನು. ಕಾಯಿಸುವ ಸಾಮಾನಿಗೆ ವೋಲ್ಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. 120ರದ್ದನ್ನು 230ಕ್ಕೆ ಹಾಕಿದರೆ ಮೂರೂವರೆ ಪಟ್ಟಿಗಿಂತ ಜಾಸ್ತಿ. 100-240 ಅಂತ ಬರೆದಿದ್ದರೆ ಮಾತ್ರ ಎರಡೂ ಕಡೆ ನಡೆಯುತ್ತದೆ.

ನ್ಯೂಜೆರ್ಸಿ_ನಾಗ
ಉಲ್ಟಾ ಕಥೆಯೂ ಇದೆ. ಊರಿಂದ ಮಿಕ್ಸಿ ತರುವವರು 110 ವೋಲ್ಟಿನ ಮಾಡೆಲ್ ಕೇಳಿ ತನ್ನಿ. 230ರದ್ದು ತಂದರೆ ಇಲ್ಲಿ ದೋಸೆ ಹಿಟ್ಟು ರುಬ್ಬಲ್ಲ, ಸುಮ್ನೆ ಗುಂಯ್ ಅನ್ನುತ್ತದೆ.

ಸುಮ್ನೆ_ಬಂದೆ
ಒಂದು ಡೌಟು. ಅಡಾಪ್ಟರ್ ಮೇಲೆ ಚೌಕದೊಳಗೆ ಚೌಕ, ಒಂದು ಮನೆ, ಅಡ್ಡಗೆರೆ ಹೊಡೆದ ಕಸದ ಡಬ್ಬಿ ಇರುತ್ತದಲ್ಲ, ಏನದು?

ಡಿಸೈನ್_ದಾಸ
ಚೌಕದೊಳಗೆ ಚೌಕ ಅಂದರೆ ಎರಡು ಪದರ ಇನ್ಸುಲೇಷನ್, ಅರ್ಥಿಂಗ್ ಬೇಕಿಲ್ಲ, ಅದಕ್ಕೇ ಎರಡೇ ಪಿನ್. ಮನೆ ಅಂದರೆ ಮನೆಯೊಳಗೆ ಮಾತ್ರ ಬಳಸಿ, ತೋಟಕ್ಕೆ ತಾರಸಿಗೆ ಒಯ್ಯಬೇಡಿ. ಕಸದ ಡಬ್ಬಿ ಅಂದರೆ ಹಸಿ ಕಸ ಒಣ ಕಸ ಎರಡಕ್ಕೂ ಹಾಕಬೇಡಿ, ಇ-ತ್ಯಾಜ್ಯಕ್ಕೆ ಕೊಡಿ.

ಬೇಸಿಗೆ_ಮಾವು
ರಂಗಣ್ಣ, ಟಾರ್ಚ್ ಓರೆ ಹಿಡಿದು ಫೋಟೊ ತೆಗೆದೆವು. ರೂಟರ್ ಮತ್ತು ಸೆಟ್‌ಟಾಪ್ ಬಾಕ್ಸ್ ಎರಡೂ 12 ವೋಲ್ಟ್, ಒಂದು 1 ಆಂಪ್, ಒಂದು 2 ಆಂಪ್. ಕೀಬೋರ್ಡ್‌ದು 9 ವೋಲ್ಟ್, ನೀವು ಹೇಳಿದ ಹಾಗೇ ಉಲ್ಟಾ, ಒಳಗೆ ಮೈನಸ್. ಅಚ್ಚುಕಟ್ಟಾಗಿ ಓದಲು ಬಂದದ್ದು ಒಂದೇ ಒಂದು, ರಸ್ತೆ ಬದಿಯಲ್ಲಿ ತಂದ ಬಿಳಿ ಅಡಾಪ್ಟರ್.

ರಿಪೇರಿ_ರಂಗ
ಅದನ್ನೇ ಮೊದಲು ಪಕ್ಕಕ್ಕಿಡಿ! ನಕಲಿ ಮಾಲಿನ ಲೇಬಲ್ ಯಾವಾಗಲೂ ಲಕಲಕ ಅನ್ನುತ್ತದೆ. ದೊಡ್ಡದಾಗಿ 12 ವೋಲ್ಟ್ 2 ಆಂಪ್ ಅಂತ ಬರೆದಿರುತ್ತಾರೆ, ಮೀಟರ್ ಹಾಕಿದರೆ ಅರ್ಧ ಆಂಪಿಗೇ ಸುಸ್ತು. ಐಎಸ್ಐ ಮುದ್ರೆ ಕೊಡುವ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್‌ನವರದ್ದು ನೋಂದಣಿ ಸಂಖ್ಯೆ ಇರುತ್ತದೆ, ಆರ್ ಅಂತ ಶುರುವಾಗಿ ಮುಂದೆ ಎಂಟು ಅಂಕಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ, ಅದು ಯಾರ ಹೆಸರಲ್ಲಿದೆ ಅಂತ ಬರುತ್ತದೆ. ಇಲ್ಲದ ನಂಬರ್ ಹಾಕಿದವರೂ ಇದ್ದಾರೆ, ಬೇರೆಯವರ ನಂಬರ್ ಕದ್ದವರೂ ಇದ್ದಾರೆ.

ಮಿಕ್ಸಿ_ಮಾತು
ಇದೆಲ್ಲ ಕನ್ನಡದಲ್ಲಿ ಯಾಕೆ ಇಲ್ಲ ಅಂತ ಯಾರೂ ಕೇಳಲಿಲ್ಲವಲ್ಲ? ನಮ್ಮ ಅಮ್ಮನಿಗೆ ಅಕ್ಷರ ಎಷ್ಟು ದೊಡ್ಡದಾದರೂ ಇಂಗ್ಲಿಷ್ ಓದಲು ಬರಲ್ಲ.

ಡಿಸೈನ್_ದಾಸ
ಕೇಂದ್ರದ 2011ರ ಪೊಟ್ಟಣ ಸಾಮಗ್ರಿ ನಿಯಮದಲ್ಲಿ ಬೆಲೆ, ತಿಂಗಳು, ವಿಳಾಸ ಎಲ್ಲ ದೇವನಾಗರಿ ಹಿಂದಿಯಲ್ಲಿ ಅಥವಾ ಇಂಗ್ಲಿಷ್‌ನಲ್ಲಿ ಇರಬೇಕು ಅಂತ ಇದೆ. ಬೇರೆ ಭಾಷೆ ಜೊತೆಗೆ ಸೇರಿಸಬಹುದು, ಕಡ್ಡಾಯ ಅಲ್ಲ. ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, 2022 ಇಲ್ಲಿ ತಯಾರಾದ ವಸ್ತುವಿನ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು ಅನ್ನುತ್ತದೆ. ಆದರೆ ನಾವು ಕೊಳ್ಳುವ ಮಾಲು ಎಲ್ಲಿಂದೆಲ್ಲಿಂದಲೋ ಬರುತ್ತದೆ.

ಪುಳಿಯೋಗರೆ_ಪ್ರಿಯ
ಅದೇ ಸ್ಟಿಕರ್ ಮೇಲೆ ಕನ್ನಡವನ್ನೂ ತುರುಕಿದರೆ ಅಕ್ಷರ ಇನ್ನೂ ಚಿಕ್ಕದಾಗುತ್ತದೆ. ಒತ್ತು, ದೀರ್ಘ ಯಾವುದೂ ಕಾಣಲ್ಲ.

ಮಿಕ್ಸಿ_ಮಾತು
ಹಾಗಾದರೆ ಸ್ಟಿಕರ್ ದೊಡ್ಡದು ಮಾಡಲಿ! ಇಷ್ಟೆತ್ತರದ ಫ್ರಿಜ್‌ನಲ್ಲಿ ಜಾಗ ಇಲ್ಲವಾ? ಬಟನ್ ಮೇಲೆ ‘ಒಗೆ’, ‘ಹಿಂಡು’ ಅಂತ ಬರೆಯಲು ಎಷ್ಟು ಜಾಗ ಬೇಕು?

ಟೆರೇಸ್_ತೋಟ
ಕ್ಯೂಆರ್ ಕೋಡ್ ಹಾಕಿದರೆ ಯಾವ ಭಾಷೆ ಬೇಕಾದರೂ ತೋರಿಸಬಹುದು ಅಲ್ವಾ? 2022ರಲ್ಲಿ ಎಲೆಕ್ಟ್ರಾನಿಕ್ಸ್ ಪೊಟ್ಟಣಕ್ಕೆ ಕೆಲವು ವಿವರ ಕ್ಯೂಆರ್‌ನಲ್ಲಿ ಕೊಡಬಹುದು ಅಂತ ಒಂದು ವರ್ಷದ ಮಟ್ಟಿಗೆ ಬಿಟ್ಟಿದ್ದರು.

ಅಜ್ಜಿಮನೆ
ನಮ್ಮ ಅತ್ತೆಯ ಹತ್ತಿರ ಇರುವುದು ಬಟನ್ ಫೋನ್. ಅದೂ ಅಲ್ಲದೆ ಪೊಟ್ಟಣ ಮರುದಿನವೇ ಹಳೇ ಪೇಪರ್‌ನವನಿಗೆ ಹೋಗುತ್ತದೆ.

ಕರಾವಳಿ_ಕಾಕ
ಲೇಬಲ್ ಅಂತ ಕೂತಿದ್ದೀರಿ, ಬಿಲ್ ನೋಡಿದ್ದೀರಾ? ಎರಡು ವರ್ಷ ವಾರಂಟಿ, ಬಿಲ್ ಆರೇ ತಿಂಗಳಿಗೆ ಬೆಳ್ಳಗೆ. ಜೋಪಾನ ಮಾಡೋಣ ಅಂತ ನಮ್ಮ ಚಿಕ್ಕಪ್ಪ ಲ್ಯಾಮಿನೇಷನ್ ಮಾಡಿಸಲು ಹೋದರು, ಪೂರ್ತಿ ಕಪ್ಪಾಗಿ ಬಂತು.

ಡಿಸೈನ್_ದಾಸ
ಅದು ಥರ್ಮಲ್ ಕಾಗದ. ಶಾಯಿಯೇ ಇರುವುದಿಲ್ಲ, ಬಿಸಿ ತಾಗಿದ ಕಡೆ ಕಪ್ಪಾಗುವ ಲೇಪ ಇರುತ್ತದೆ. ಲ್ಯಾಮಿನೇಷನ್ ಮಷಿನ್ ಬಿಸಿ, ಅದಕ್ಕೇ ಇಡೀ ಹಾಳೆ ಕಪ್ಪು. ತಂದ ದಿನವೇ ಜೆರಾಕ್ಸ್ ಮಾಡಿಸಿ ಅಥವಾ ಫೋಟೊ ತೆಗೆದಿಡಿ. ಹಾಗೇ ಗೋಡೆಗೆ ಹೊಡೆಯುವ ಮೊದಲು ಲೇಬಲ್‌ದೂ ಒಂದು ಫೋಟೊ.

ಸುಮ್ನೆ_ಬಂದೆ
ನಾನು ವಾಟ್ಸಾಪ್‌ನಲ್ಲಿ ನನಗೆ ನಾನೇ ಕಳಿಸಿಕೊಳ್ಳುತ್ತೇನೆ. ಕೆಳಗೆ ‘ಫ್ರಿಜ್’ ಅಂತ ಬರೆದಿದ್ದರೆ ಹುಡುಕಿದ ತಕ್ಷಣ ಸಿಗುತ್ತದೆ.

ಗೋಕಾಕ್_ಕರದಂಟು
ಕಪ್ಪು ಅಡಾಪ್ಟರ್ ಮೇಲೆ ನಾವೇ ದೊಡ್ಡದಾಗಿ ಬರೆದಿಡಲು ಏನಾದರೂ ಸಿಗುತ್ತಾ? ಸ್ಕೆಚ್ ಪೆನ್ ಹಿಡಿಯಲ್ಲ, ಕಾಗದ ಅಂಟಿಸಿದರೆ ಬಿಸಿಗೆ ಉದುರುತ್ತದೆ.

ರಿಪೇರಿ_ರಂಗ
ಬಿಳಿ ಪೇಂಟ್ ಮಾರ್ಕರ್ ಅಂತ ಕೇಳಿ, ತೆಳು ತುದಿಯದು. ಅಂಗಡಿಯಲ್ಲಿ ನಾವು ಅದನ್ನೇ ಬಳಸುವುದು. ಮೊದಲು ಜಿಡ್ಡು ಒರೆಸಿ, ಚೆನ್ನಾಗಿ ಅಲ್ಲಾಡಿಸಿ, ಬರೆದ ಮೇಲೆ ಒಣಗುವ ತನಕ ಮುಟ್ಟಬೇಡಿ. ಗಾಳಿ ಹೋಗುವ ಸೀಳು ಇದ್ದರೆ ಅದನ್ನು ಮುಚ್ಚುವ ಹಾಗೆ ಏನೂ ಅಂಟಿಸಬೇಡಿ. ಪಿನ್ ಹತ್ತಿರದ ವೈರ್‌ಗೂ ಒಂದು ಚೀಟಿ ಸುತ್ತಿ, ಸಾಕೆಟ್ ಹಿಂದೆ ತಲೆ ತೂರಿಸುವುದು ತಪ್ಪುತ್ತದೆ.

ಬೇಸಿಗೆ_ಮಾವು
ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ?

ಟೆರೇಸ್_ತೋಟ
ಅವೆನ್ಯೂ ರೋಡ್‌ನ ಸ್ಟೇಷನರಿ ಅಂಗಡಿಗಳಲ್ಲಿ ಕೇಳಿ. ಭಾನುವಾರ ಹೋಗಬೇಡಿ, ಎಷ್ಟೋ ಅಂಗಡಿ ಮುಚ್ಚಿರುತ್ತದೆ.

ಪುಳಿಯೋಗರೆ_ಪ್ರಿಯ
ಹೋಗುವವರು ನನಗೂ ಒಂದು ತನ್ನಿ. ನಮ್ಮ ಎಸಿ ರಿಮೋಟಿನ ಅಕ್ಷರವೆಲ್ಲ ಅಳಿಸಿಹೋಗಿ, ಯಾವುದನ್ನು ಒತ್ತಿದರೂ ಫ್ಯಾನ್ ಜೋರಾಗುತ್ತದೆ.